ಬೆಳದಿಂಗಳಲ್ಲಿ ಮರುಭೂಮಿಯ ಚೇಳು, ದುಂಬಿ, ಜೇಡಗಳ ಓಡಾಟವನ್ನು ಅಳೆಯುವುದು ಹೇಗೆ

ಅಮಾವಾಸ್ಯೆಯ ರಾತ್ರಿ ಒಮ್ಮೆ, ಹುಣ್ಣಿಮೆಯ ರಾತ್ರಿ ಒಮ್ಮೆ ಮರಳಿನ ಮೇಲೆ ಕಂಡ ಚೇಳುಗಳನ್ನು ಎಣಿಸಿ, ಹುಣ್ಣಿಮೆಯಲ್ಲಿ ಕಡಿಮೆ ಸಿಕ್ಕವು ಎಂದು ಬರೆದುಬಿಟ್ಟರೆ ಏನನ್ನೂ ಅಳೆದಂತಾಗುವುದಿಲ್ಲ. ಆ ಎರಡು ರಾತ್ರಿಗಳ ನಡುವೆ ಹದಿನೈದು ದಿನ ಕಳೆದಿರುತ್ತದೆ. ಅಷ್ಟರಲ್ಲಿ ಮರಳಿನ ಬಿಸಿ, ಗಾಳಿ, ತೇವ ಎಲ್ಲ ಬದಲಾಗಿರುತ್ತವೆ. ಸಾಲದ್ದಕ್ಕೆ, ಚೇಳನ್ನು ಹುಡುಕುವುದು ನೇರಳಾತೀತ (ಯುವಿ) ಟಾರ್ಚಿನಲ್ಲಿ ಅದರ ಮೈ ಮಿನುಗುವುದನ್ನು ನೋಡಿ; ಬೆಳದಿಂಗಳಲ್ಲಿ ಆ ಮಿನುಗು ಮಂಕಾಗಿ ಎಣಿಸುವವರ ಕಣ್ಣಿಗೇ ಚೇಳು ಕಾಣುವುದು ಕಡಿಮೆ. ಹೊರಗೆ ಬಂದ ಚೇಳು ಕಡಿಮೆಯೋ, ಕಂಡ ಚೇಳು ಕಡಿಮೆಯೋ ಎಂಬುದನ್ನು ಬೇರ್ಪಡಿಸುವುದೇ ಈ ಕೆಲಸದ ಅರ್ಧ ಭಾಗ.

ಇದಕ್ಕೊಂದು ದಾರಿಯಿದೆ. ಪಂಚಾಂಗದ ತಿಥಿಯನ್ನು ಬಿಟ್ಟು ಆಯಾ ಗಂಟೆಯ ಬೆಳಕನ್ನು ಲೆಕ್ಕಕ್ಕೆ ಹಿಡಿಯಿರಿ, ಒಂದೇ ರಾತ್ರಿಯ ಕತ್ತಲ ಹೊತ್ತನ್ನು ಅದೇ ರಾತ್ರಿಯ ಬೆಳಕಿನ ಹೊತ್ತಿನೊಂದಿಗೆ ಹೋಲಿಸಿ. ಮುಂದೆ ಹೇಳುವುದೆಲ್ಲ ಈ ಒಂದು ಮಾತಿನ ವಿಸ್ತಾರ.

ಮೊದಲು ಬೆಳಕಿನ ಲೆಕ್ಕ

ಚಂದ್ರನಿಲ್ಲದ ತಿಳಿ ಆಕಾಶದಡಿ ನೆಲಕ್ಕೆ ಬೀಳುವ ಬೆಳಕು ಸುಮಾರು 0.001 ಲಕ್ಸ್ (ಬೆಳಕಿನ ಅಳತೆಯ ಏಕಮಾನ). ಹುಣ್ಣಿಮೆ ಚಂದ್ರ ನೆತ್ತಿಯ ಹತ್ತಿರ ಇರುವಾಗ ಅದು 0.2ರಿಂದ 0.3 ಲಕ್ಸ್‌ಗೆ ಏರುತ್ತದೆ. ಅಂದರೆ ಇನ್ನೂರು-ಮುನ್ನೂರು ಪಟ್ಟು. ಆದರೆ ಚಂದ್ರಬಿಂಬದ ಎಷ್ಟು ಭಾಗ ಬೆಳಗಿದೆ ಎಂಬ ಶೇಕಡಾವಾರನ್ನೇ ಬೆಳಕಿನ ಅಳತೆ ಎಂದುಕೊಳ್ಳುವುದು ಬಹಳ ಸಾಮಾನ್ಯವಾದ ತಪ್ಪು. ಅಷ್ಟಮಿಯ ಅರ್ಧಚಂದ್ರ ಹುಣ್ಣಿಮೆಯ ಅರ್ಧದಷ್ಟು ಬೆಳಕು ಕೊಡುವುದಿಲ್ಲ, ಹತ್ತರಲ್ಲೊಂದು ಪಾಲು ಮಾತ್ರ ಕೊಡುತ್ತದೆ. ಚಂದ್ರನ ಮೇಲಿನ ಕುಳಿಗಳೂ ಗುಡ್ಡಗಳೂ ಓರೆ ಬಿಸಿಲಿನಲ್ಲಿ ಉದ್ದನೆಯ ನೆರಳು ಚೆಲ್ಲುವುದರಿಂದ ಹೀಗಾಗುತ್ತದೆ. ಹುಣ್ಣಿಮೆಯನ್ನು 1 ಎಂದಿಟ್ಟುಕೊಂಡರೆ, ಅದಕ್ಕೆ ಎರಡು ದಿನ ಹಿಂದೆ ಅಥವಾ ಮುಂದೆ ಬೆಳಕು ಸುಮಾರು 0.56, ಮೂರು ದಿನಕ್ಕೆ 0.41, ನಾಲ್ಕಕ್ಕೆ 0.30, ಐದಕ್ಕೆ 0.22, ಅಷ್ಟಮಿಗೆ 0.09.

ಇದನ್ನು ಆ ಹೊತ್ತಿನಲ್ಲಿ ಚಂದ್ರ ದಿಗಂತದಿಂದ ಎಷ್ಟು ಎತ್ತರದಲ್ಲಿದ್ದಾನೆ ಎಂಬ ಕೋನದ ಸೈನ್‌ನಿಂದ ಗುಣಿಸಿ. 30 ಡಿಗ್ರಿಯಲ್ಲಿದ್ದರೆ 0.5, 10 ಡಿಗ್ರಿಯಲ್ಲಿದ್ದರೆ 0.17. ತಗ್ಗಿನಲ್ಲಿರುವ ಚಂದ್ರನ ಬೆಳಕು ಗಾಳಿಯ ದಪ್ಪ ಪದರವನ್ನು ಹಾದು ಬರಬೇಕಾದ್ದರಿಂದ ನಿಜವಾದ ಬೆಳಕು ಇದಕ್ಕಿಂತಲೂ ಕಡಿಮೆ. ಧೂಳೆದ್ದ ದಿನ ಮತ್ತಷ್ಟು ಕಡಿಮೆ. ಚಂದ್ರ ಹುಟ್ಟುವ ಮೊದಲು, ಮುಳುಗಿದ ಮೇಲೆ ಲೆಕ್ಕ ಸೊನ್ನೆ. ಈ ಗುಣಲಬ್ಧವನ್ನು ಪ್ರತಿ ಎಣಿಕೆಯ ನಡುಹೊತ್ತಿಗೆ ಬರೆದಿಡಿ. ಚಂದ್ರನ ಎತ್ತರ, ಉದಯ, ಅಸ್ತದ ಸಮಯಗಳನ್ನು ಯಾವುದೇ ಖಗೋಳ ಆ್ಯಪ್ ಕೊಡುತ್ತದೆ.

ಋತುವಿನ ವಿಷಯ ಹಲವರಿಗೆ ಹೊಳೆಯುವುದಿಲ್ಲ. ಉಷ್ಣವಲಯದ ಆಚೆಗಿನ ಮರುಭೂಮಿಗಳಲ್ಲಿ ಬೇಸಿಗೆಯ ಹುಣ್ಣಿಮೆ ಚಂದ್ರ ಆಕಾಶದಲ್ಲಿ ತಗ್ಗಾಗಿ ಸಾಗುತ್ತಾನೆ, ಚಳಿಗಾಲದ ಹುಣ್ಣಿಮೆಯಲ್ಲಿ ನೆತ್ತಿಗೇರುತ್ತಾನೆ. ಚೇಳುಗಳ ಓಡಾಟ ಹೆಚ್ಚಿರುವುದು ಬೇಸಿಗೆಯಲ್ಲಿ. ಎರಡು ಋತುಗಳ ಹುಣ್ಣಿಮೆಯನ್ನು ಒಂದೇ ಎಂದು ಸೇರಿಸಿದರೆ ಬೆಳಕೂ ಸೆಕೆಯೂ ಬಿಡಿಸಲಾಗದಂತೆ ಗಂಟುಬೀಳುತ್ತವೆ.

ಸಾಮಾನ್ಯ ಲಕ್ಸ್ ಮೀಟರ್ ಇಲ್ಲಿ ಕೆಲಸಕ್ಕೆ ಬಾರದು. ಅದು ತೋರಿಸುವ ಕನಿಷ್ಠ ಅಂಕಿಯೇ 0.1 ಅಥವಾ 0.01. ಆಕಾಶದ ಕತ್ತಲನ್ನು ಅಳೆಯುವ ಸ್ಕೈ ಕ್ವಾಲಿಟಿ ಮೀಟರ್ ಇದ್ದರೆ ಒಳ್ಳೆಯದು. ಇಲ್ಲವಾದರೆ ಒಂದು ಬಿಳಿ ರಟ್ಟನ್ನು ನೆಲದ ಮೇಲೆ ಸಮತಟ್ಟಾಗಿಟ್ಟು, ಕ್ಯಾಮೆರಾವನ್ನು ಟ್ರೈಪಾಡ್‌ಗೆ ಹಾಕಿ, ಪ್ರತಿ ಬಾರಿಯೂ ಒಂದೇ ಅಳವಡಿಕೆಯಲ್ಲಿ (ಒಂದೇ ಅಪರ್ಚರ್, ಒಂದೇ ಐಎಸ್‌ಒ, ಒಂದೇ ಅವಧಿ, ಕ್ಯಾಮೆರಾ ತಿದ್ದದ ‘ರಾ’ ಕಡತ) ಚಿತ್ರ ತೆಗೆಯಿರಿ. ರಟ್ಟಿನ ನಡುಭಾಗದ ಪಿಕ್ಸೆಲ್ ಮೌಲ್ಯದ ಸರಾಸರಿ ನಿಮ್ಮ ಅಳತೆಗೋಲು. ಹುಣ್ಣಿಮೆಯಲ್ಲಿ ಚಿತ್ರ ಬಿಳಿಚಿಹೋಗದಂತೆ ಮೊದಲೇ ಪರೀಕ್ಷಿಸಿ. ಮೋಡ, ಧೂಳು, ದೂರದ ಊರಿನ ದೀಪದ ಹೊಳಪು ಎಲ್ಲವೂ ಇದರಲ್ಲಿ ಸಿಕ್ಕಿಬೀಳುತ್ತವೆ. ಅಮಾವಾಸ್ಯೆಯಂದು ದಿಗಂತದಲ್ಲಿ ಊರಿನ ಹೊಳಪು ಕಣ್ಣಿಗೆ ಕಾಣುವಷ್ಟಿದ್ದರೆ ಆ ಜಾಗ ಬಿಟ್ಟುಬಿಡಿ. ಅಲ್ಲಿ ನಿಜವಾದ ಕತ್ತಲೇ ಇಲ್ಲ.

ಯಾವ ರಾತ್ರಿ, ಯಾವ ಹೊತ್ತು

ಚಂದ್ರೋದಯ ದಿನಕ್ಕೆ ಸರಾಸರಿ 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಹುಣ್ಣಿಮೆಯಂದು ಸೂರ್ಯ ಮುಳುಗುವಾಗ ಹುಟ್ಟುವ ಚಂದ್ರ ಕೃಷ್ಣ ಪಂಚಮಿಗೆ ಸೂರ್ಯಾಸ್ತದ ನಾಲ್ಕು ಗಂಟೆಯ ಬಳಿಕ ಹುಟ್ಟುತ್ತಾನೆ. ಶುಕ್ಲ ದಶಮಿಯಂದು ಇದರ ತಿರುವುಮುರುವು: ಸಂಜೆಗೆ ಚಂದ್ರ ಮೇಲಿರುತ್ತಾನೆ, ಸೂರ್ಯೋದಯಕ್ಕೆ ನಾಲ್ಕು ಗಂಟೆ ಮೊದಲು ಮುಳುಗುತ್ತಾನೆ. ಈ ಎರಡು ತಿಥಿಗಳೂ ಹುಣ್ಣಿಮೆಯಿಂದ ಐದೈದು ದಿನ ದೂರ, ಆದ್ದರಿಂದ ಬೆಳಕಿನ ಪ್ರಮಾಣ ಹೆಚ್ಚುಕಡಿಮೆ ಸಮ. ಇದಕ್ಕಿಂತ ಅಚ್ಚುಕಟ್ಟಾದ ಪ್ರಯೋಗವನ್ನು ಯಾರೂ ಕಟ್ಟಿಕೊಡಲಾರರು.

ಸೂರ್ಯ ಆರು ಗಂಟೆಗೆ ಮುಳುಗಿ ಆರಕ್ಕೆ ಹುಟ್ಟುವ ಕಾಲದಲ್ಲಿ ಎರಡು ಹೊತ್ತು ಹೀಗೆ ಇಟ್ಟುಕೊಳ್ಳಿ: ರಾತ್ರಿ 8ರಿಂದ 9.30, ನಸುಕಿನ 2.45ರಿಂದ 4.15. ಹಗಲು ಉದ್ದವಾದರೆ ಅದಕ್ಕೆ ತಕ್ಕಂತೆ ಸರಿಸಿ. ಸೂರ್ಯ ದಿಗಂತದಿಂದ 18 ಡಿಗ್ರಿ ಕೆಳಗಿಳಿಯುವ ಮೊದಲು ಎಣಿಕೆ ಶುರುವಾಗಬಾರದು, ಮತ್ತೆ ಆ ಕೋನಕ್ಕೇರುವ ಮೊದಲು ಮುಗಿಯಬೇಕು. ನಾಲ್ಕು ಬಗೆಯ ರಾತ್ರಿಗಳು ಬೇಕು. ಅಮಾವಾಸ್ಯೆಯ ಆಸುಪಾಸಿನಲ್ಲಿ ಎರಡೂ ಹೊತ್ತು ಕತ್ತಲು. ಶುಕ್ಲ ದಶಮಿಯ ಆಸುಪಾಸಿನಲ್ಲಿ ಮೊದಲ ಹೊತ್ತು ಬೆಳಕು, ಎರಡನೆಯದು ಕತ್ತಲು. ಹುಣ್ಣಿಮೆಯಲ್ಲಿ ಎರಡೂ ಬೆಳಕು. ಕೃಷ್ಣ ಪಂಚಮಿಯಲ್ಲಿ ಮೊದಲು ಕತ್ತಲು, ಆಮೇಲೆ ಬೆಳಕು. ಪ್ರತಿ ಬಗೆಗೂ ಎರಡು ರಾತ್ರಿಯಂತೆ ಒಂದು ಚಾಂದ್ರಮಾಸಕ್ಕೆ ಎಂಟು ರಾತ್ರಿ, ಕನಿಷ್ಠ ಮೂರು ಚಾಂದ್ರಮಾಸ, ಒಟ್ಟು 24 ರಾತ್ರಿ. ಇದಕ್ಕಿಂತ ಕಡಿಮೆಯಾದರೆ ಒಂದೆರಡು ಗಾಳಿಯ ರಾತ್ರಿಗಳೇ ಫಲಿತಾಂಶವನ್ನು ಕೆಡಿಸುತ್ತವೆ.

ನಾಲ್ಕೂ ಬಗೆ ಯಾಕೆ ಬೇಕು? ರಾತ್ರಿ ಏರಿದಂತೆ ಮರಳು ತಣ್ಣಗಾಗುತ್ತದೆ, ಹೊಟ್ಟೆ ತುಂಬಿದ ಚೇಳು ಬಿಲಕ್ಕೆ ಮರಳುತ್ತದೆ. ಆದ್ದರಿಂದ ನಸುಕಿನ ಎಣಿಕೆ ಹೇಗೂ ಇಳಿಯುವುದುಂಟು. ಕೃಷ್ಣಪಕ್ಷದ ರಾತ್ರಿಗಳನ್ನು ಮಾತ್ರ ನೋಡಿದವರಿಗೆ ಚಂದ್ರ ಹುಟ್ಟಿದ ಮೇಲೆ ಎಣಿಕೆ ಇಳಿದಂತೆ ಕಾಣುತ್ತದೆ, ಆದರೆ ಇಳಿಸಿದ್ದು ತಂಪು. ಶುಕ್ಲಪಕ್ಷದ ರಾತ್ರಿಗಳಲ್ಲಿ ಚಂದ್ರ ಮುಳುಗಿದ ಮೇಲೆ ಎಣಿಕೆ ಏರಿದರೆ, ಅಥವಾ ಅಮಾವಾಸ್ಯೆಯಲ್ಲಿ ಇಳಿಯುವಷ್ಟು ಇಳಿಯದಿದ್ದರೆ, ಆಗ ಮಾತ್ರ ಬೆಳದಿಂಗಳ ಪಾತ್ರವಿದೆ ಎನ್ನಬಹುದು.

ಪ್ರತಿ ಹೊತ್ತಿನ ಮೊದಲೂ ಕೊನೆಗೂ 2 ಸೆಂಟಿಮೀಟರ್ ಆಳದ ಮರಳಿನ ಉಷ್ಣತೆ, ನೆಲದಿಂದ 10 ಸೆಂಟಿಮೀಟರ್ ಮೇಲಿನ ಗಾಳಿಯ ಉಷ್ಣತೆ, ತೇವಾಂಶ, ಗಾಳಿಯ ವೇಗ ಬರೆದುಕೊಳ್ಳಿ. ಮರಳು ಏಳತೊಡಗುವಷ್ಟು ಗಾಳಿ (ಸೆಕೆಂಡಿಗೆ 5–6 ಮೀಟರ್) ಇದ್ದರೆ ಆ ರಾತ್ರಿಯ ಎಣಿಕೆ ಬಿಟ್ಟು ಮರುದಿನ ಮಾಡಿ. ಮರಳಿನ ಚೇಳು ಬೇಟೆಯನ್ನು ಗುರುತಿಸುವುದು ಕಾಲಿಗೆ ತಾಗುವ ಕಂಪನದಿಂದ. ಕ್ಯಾಲಿಫೋರ್ನಿಯಾದ ಮೊಹಾವೆಯ ಪರುರೊಕ್ಟೋನಸ್ ಮೆಸಾಯೆನ್ಸಿಸ್ ಚೇಳಿನಲ್ಲಿ ಇದನ್ನು ಫಿಲಿಪ್ ಬ್ರೌನೆಲ್ 1977ರಲ್ಲಿ ತೋರಿಸಿದರು. ಹಾರುವ ಮರಳಿನ ಗದ್ದಲದಲ್ಲಿ ಆ ಕಿವಿ ಮುಚ್ಚಿಹೋಗುತ್ತದೆ.

ಚೇಳು ಎಣಿಸುವುದು

ಚೇಳಿನ ಹೊರಪೊರೆ ನೇರಳಾತೀತ ಬೆಳಕು ಬಿದ್ದರೆ ಹಸಿರು-ನೀಲಿಯಾಗಿ ಮಿನುಗುತ್ತದೆ. 365ರಿಂದ 395 ನ್ಯಾನೋಮೀಟರ್‌ನ ಯುವಿ ಟಾರ್ಚ್ ಬೇಕು. 365ರದ್ದಾದರೆ ನೇರಳೆ ಬಣ್ಣದ ಸೋರಿಕೆ ಕಡಿಮೆ, ಮಿನುಗು ಎದ್ದು ಕಾಣುತ್ತದೆ. ಕಣ್ಣಿಗೆ ಯುವಿ ತಡೆಯುವ ಕನ್ನಡಕ ಹಾಕಿಕೊಳ್ಳಿ. ಆಗಷ್ಟೇ ಪೊರೆ ಕಳಚಿದ ಚೇಳು ಮಿನುಗುವುದಿಲ್ಲ ಎಂಬುದು ನೆನಪಿರಲಿ. ಹಾವೂ ಹಾಗೆ ಮಿನುಗದು! ಆದ್ದರಿಂದ ಹೆಜ್ಜೆ ಇಡುವ ಜಾಗಕ್ಕೆ ತಲೆಗೆ ಕಟ್ಟಿದ ಮಂದ ಕೆಂಪು ದೀಪ ಇರಲೇಬೇಕು, ಕಾಲಿಗೆ ಗಟ್ಟಿ ಚರ್ಮದ ಎತ್ತರದ ಬೂಟು, ಕೈಯಲ್ಲಿ 25–30 ಸೆಂಟಿಮೀಟರ್ ಉದ್ದದ ಚಿಮಟ. ಒಬ್ಬರೇ ಹೋಗಬೇಡಿ.

100 ಮೀಟರ್ ಉದ್ದದ ಆರು ಪಟ್ಟಿಗಳನ್ನು ಒಂದರಿಂದೊಂದು ಕನಿಷ್ಠ 50 ಮೀಟರ್ ದೂರದಲ್ಲಿ ಹಗಲಲ್ಲೇ ಹಗ್ಗ ಹಿಡಿದು ಗುರುತುಮಾಡಿ. ಅಗಲ ಎರಡೂ ಬದಿಗೆ ಒಂದೊಂದೇ ಮೀಟರ್ ಇರಲಿ, ಹೆಚ್ಚು ಬೇಡ. ಒಂದು ಪಟ್ಟಿಗೆ 12–13 ನಿಮಿಷ, ನಿಧಾನವಾಗಿ, ಪಾದ ಒತ್ತದೆ ನಡೆಯಿರಿ. ಪಟ್ಟಿಗಳ ಸರದಿಯನ್ನು ಪ್ರತಿ ರಾತ್ರಿ ಬದಲಿಸಿ. ಯುವಿ ಬೆಳಕಿನಲ್ಲಿ ಹೆಚ್ಚು ಹೊತ್ತು ಇಟ್ಟರೆ ಚೇಳು ಸರಿದುಹೋಗುತ್ತದೆ, ಹಾಗಾಗಿ ಬೆಳಕು ಬೀಸುತ್ತಾ ಸಾಗಿ, ಕಂಡ ಮೇಲೆ ಎರಡು-ಮೂರು ಸೆಕೆಂಡಿನಲ್ಲಿ ಆರಿಸಿ. ಸಂಖ್ಯೆಯ ಜೊತೆ ಅದು ಎಲ್ಲಿತ್ತು ಎಂಬುದೂ ಬೇಕು: ಬಿಲದ ಬಾಯಲ್ಲೋ, ಬಯಲು ಮರಳಿನಲ್ಲೋ, ಪೊದೆಯ ನೆರಳಿನಲ್ಲೋ, ಪೊದೆಯ ಮೇಲೋ, ಹತ್ತಿರದ ಪೊದೆಗೆ ಎಷ್ಟು ದೂರ. ಬೆಳದಿಂಗಳಿಗೆ ಕೆಲವು ಚೇಳುಗಳು ಬಿಲ ಬಿಟ್ಟು ಬರುವುದನ್ನೇ ನಿಲ್ಲಿಸುವುದಿಲ್ಲ. ಬಯಲಿನಿಂದ ನೆರಳಿಗೆ ಸರಿಯುತ್ತವೆ ಅಷ್ಟೇ. ಒಟ್ಟು ಸಂಖ್ಯೆ ಮಾತ್ರ ಬರೆದುಕೊಂಡವರಿಗೆ ಇದು ಎಂದೂ ಗೊತ್ತಾಗುವುದಿಲ್ಲ. ದೇಹದ ಉದ್ದ, ಹೊಟ್ಟೆ ಉಬ್ಬಿದೆಯೋ ಬತ್ತಿದೆಯೋ ಎಂಬುದನ್ನೂ ಬರೆಯಿರಿ. ಹಸಿದ ಪ್ರಾಣಿ ಎದುರಿಸುವ ಅಪಾಯವನ್ನು ಹೊಟ್ಟೆ ತುಂಬಿದ್ದು ಎದುರಿಸಬೇಕಿಲ್ಲ.

ಇನ್ನು ಕಣ್ಣಿನ ಪರೀಕ್ಷೆ. ಇದನ್ನು ಬಿಟ್ಟ ಎಣಿಕೆಯನ್ನು ನಾವು ನಂಬುವುದಿಲ್ಲ. ಚೇಳು ಕಳಚಿದ ಒಣಪೊರೆಯೂ ಮಿನುಗುತ್ತದೆ, ವರ್ಷಗಟ್ಟಲೆ ಮಿನುಗುತ್ತಲೇ ಇರುತ್ತದೆ. ಅಂಥ 20 ಪೊರೆಗಳನ್ನು ಜೊತೆಗಾರರೊಬ್ಬರು ಹಗಲಲ್ಲಿ ಪಟ್ಟಿಯುದ್ದಕ್ಕೂ ಇಡಲಿ, ಕೆಲವು ಬಯಲಿನಲ್ಲಿ, ಕೆಲವು ಪೊದೆಯ ಬುಡದಲ್ಲಿ. ಎಣಿಸುವವರಿಗೆ ಜಾಗ ತಿಳಿಯಬಾರದು. ಕತ್ತಲಲ್ಲಿ 18 ಸಿಕ್ಕವು, ಹುಣ್ಣಿಮೆಯಲ್ಲಿ 13 ಸಿಕ್ಕವು ಎಂದುಕೊಳ್ಳಿ. ಕಾಣುವ ಪ್ರಮಾಣ 0.90 ಮತ್ತು 0.65. ಈಗ ಜೀವಂತ ಚೇಳುಗಳ ಎಣಿಕೆ ಕತ್ತಲಲ್ಲಿ 27, ಹುಣ್ಣಿಮೆಯಲ್ಲಿ 20 ಬಂದಿದ್ದರೆ ಕಾಲುಭಾಗ ಇಳಿಯಿತೆಂದು ಅನಿಸುತ್ತದೆ. 27ನ್ನು 0.90ರಿಂದ ಭಾಗಿಸಿದರೆ 30. 20ನ್ನು 0.65ರಿಂದ ಭಾಗಿಸಿದರೆ 31ರ ಸಮೀಪ. ಇಳಿದದ್ದು ಚೇಳಲ್ಲ, ಟಾರ್ಚಿನ ಕೈಚಳಕ. ಸುತ್ತಲಿನ ಮರಳು ಬೆಳಗಿದಾಗ ಮಿನುಗು ಅದರಲ್ಲಿ ಕರಗಿಹೋಗುತ್ತದೆ. ಪಟ್ಟಿ ಅಗಲವಾದಷ್ಟೂ ಈ ನಷ್ಟ ಹೆಚ್ಚು. ಎಣಿಸುವ ಪ್ರತಿಯೊಬ್ಬರೂ ಈ ಪರೀಕ್ಷೆಯನ್ನು ಬೇರೆಬೇರೆಯಾಗಿ ಮಾಡಬೇಕು, ಒಬ್ಬರ ಅಂಕಿ ಇನ್ನೊಬ್ಬರಿಗೆ ಒಗ್ಗದು.

ಪತಂಗ ಹಿಡಿಯುವ ಬೆಳಕಿನ ಬಲೆಯದ್ದೂ ಇದೇ ಕಥೆ. ಹುಣ್ಣಿಮೆಯಲ್ಲಿ ಬಲೆಗೆ ಬೀಳುವ ಪತಂಗ ಕಡಿಮೆಯಾಗುವುದು ಬಹಳ ಹಿಂದೆಯೇ ತಿಳಿದ ವಿಷಯ. 1930ರ ದಶಕದಲ್ಲೇ ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ ಸಿ. ಬಿ. ವಿಲಿಯಮ್ಸ್ ಇದನ್ನು ದಾಖಲಿಸಿದ್ದರು. ಆದರೆ ಹಿನ್ನೆಲೆ ಬೆಳಗಿದಾಗ ದೀಪ ಸೆಳೆಯುವ ದೂರವೇ ಕುಗ್ಗುತ್ತದೆ. ಪತಂಗಗಳ ಹಾರಾಟ ತಿಳಿಯಬೇಕಾದರೆ ದೀಪವಿಲ್ಲದೆ ಗಾಳಿಯೊಂದಿಗೆ ಹುಳ ಎಳೆದುಕೊಳ್ಳುವ ಹೀರುಬಲೆ ಅಥವಾ ಹುಳಿಬಂದ ಸಕ್ಕರೆಪಾಕದ ಬಲೆ ಇಡಿ. ದೀಪದ ಬಲೆಯ ಅಂಕಿಗಳನ್ನು ಈ ಪ್ರಶ್ನೆಗೆ ಬಳಸಬೇಡಿ.

ದುಂಬಿ, ಜೇಡಗಳಿಗೆ ಗುಂಡಿಬಲೆ

ನೆಲದ ಮೇಲೆ ಓಡಾಡುವ ದುಂಬಿ, ಜೇಡ, ಒಂಟೆಜೇಡ (ಜೇಡವನ್ನು ಹೋಲುವ ಮರುಭೂಮಿಯ ಬೇಟೆಗಾರ)ಗಳಿಗೆ ಗುಂಡಿಬಲೆಯೇ, ಅಂದರೆ ನೆಲದಲ್ಲಿ ಹೂತಿಟ್ಟ ಲೋಟವೇ ಸರಿ, ಯಾಕೆಂದರೆ ಅದು ನೋಡುವವರ ಕಣ್ಣನ್ನು ನಂಬಿಲ್ಲ. 9–10 ಸೆಂಟಿಮೀಟರ್ ಬಾಯಿಯ, 12 ಸೆಂಟಿಮೀಟರ್‌ಗಿಂತ ಆಳವಾದ ನುಣುಪು ಪ್ಲಾಸ್ಟಿಕ್ ಲೋಟಗಳನ್ನು ಪಿವಿಸಿ ಪೈಪಿನ ತುಂಡಿನೊಳಗೆ ಕೂರಿಸಿ. ಪೈಪ್ ಇಲ್ಲದಿದ್ದರೆ ಲೋಟ ಎತ್ತಿದಾಗಲೆಲ್ಲ ಸಡಿಲ ಮರಳು ಕುಸಿದು ಗುಂಡಿ ಮುಚ್ಚಿಹೋಗುತ್ತದೆ. ಅಂಚು ಮರಳಿನ ಮಟ್ಟಕ್ಕಿಂತ 2–3 ಮಿಲಿಮೀಟರ್ ಕೆಳಗಿರಲಿ. ಒಂದು ಕೂದಲೆಳೆ ಮೇಲೆದ್ದರೂ ಸಣ್ಣ ದುಂಬಿ ಅಂಚನ್ನು ಮುಟ್ಟಿ ತಿರುಗಿ ಹೋಗುತ್ತದೆ. ಬಲೆಯಿಂದ ಬಲೆಗೆ 10 ಮೀಟರ್ ಅಂತರ.

ಅಗೆದ ಹೊಸದರಲ್ಲಿ ಹೆಚ್ಚು ಹುಳಗಳು ಬೀಳುತ್ತವೆ, ಹಾಗಾಗಿ ಮುಚ್ಚಳ ಹಾಕಿ ಕನಿಷ್ಠ ಮೂರು ದಿನ ಬಿಡಿ. ಎಣಿಕೆಯ ಹೊತ್ತಿಗೆ ಸರಿಯಾಗಿ ತೆರೆದು, ಹೊತ್ತು ಮುಗಿದೊಡನೆ ಖಾಲಿ ಮಾಡಿ ಮುಚ್ಚಿ. ಮಳೆಗೋ ಬಿಸಿಲಿಗೋ ಎಂದು ಬಲೆಯ ಮೇಲೆ ಚಪ್ಪರದಂಥ ಮರೆ ಕಟ್ಟುವ ವಾಡಿಕೆ ಇಲ್ಲಿ ಬೇಡ: ಬೆಳದಿಂಗಳಲ್ಲಿ ಅದೇ ಒಂದು ನೆರಳಾಗಿ, ನೆರಳು ಹುಡುಕುವ ಹುಳಗಳನ್ನು ಬಲೆಗೆ ಕರೆಯುತ್ತದೆ. ಹುಣ್ಣಿಮೆಯಲ್ಲಿ ಓಡಾಟ ಹೆಚ್ಚಾಯಿತೆಂಬ ಸುಳ್ಳು ಫಲಿತಾಂಶ ಹೀಗೂ ಬರುತ್ತದೆ. ಲೋಟದ ನಡುವೆ 1 ಸೆಂಟಿಮೀಟರ್ ಕಣ್ಣಿನ ತಂತಿಜಾಲರಿ ಇಟ್ಟರೆ ಸಣ್ಣವು ಕೆಳಗೆ ಬೀಳುತ್ತವೆ, ಚೇಳು-ಒಂಟೆಜೇಡ ಮೇಲುಳಿಯುತ್ತವೆ. ಇಲ್ಲದಿದ್ದರೆ ಬೆಳಗ್ಗೆ ರೆಕ್ಕೆ-ಕಾಲುಗಳಷ್ಟೇ ಉಳಿದಿರುತ್ತವೆ. ಗೋಡೆಗೆ ಅಂಟಿದ ಧೂಳು ಹುಳಕ್ಕೆ ಏಣಿಯಾಗುತ್ತದೆ, ಪ್ರತಿ ಬಾರಿಯೂ ಒಣಬ್ರಷ್‌ನಿಂದ ಒರೆಸಿ. ಸೂರ್ಯೋದಯದ ನಂತರ ಒಂದು ಬಲೆಯೂ ತೆರೆದಿರಬಾರದು. ಬಿದ್ದ ಜೀವಿ ಗಂಟೆಯೊಳಗೆ ಬೆಂದುಹೋಗುತ್ತದೆ.

ಎಲ್ಲ ಜೀವಿಗಳೂ ಬೆಳದಿಂಗಳಿಗೆ ಹೆದರುತ್ತವೆ ಎಂದುಕೊಂಡು ಹೊರಡಬೇಡಿ. ಆಫ್ರಿಕಾದ ಸಗಣಿ ದುಂಬಿ ಸ್ಕರಾಬಿಯಸ್ ಜಾಂಬೆಸಿಯಾನಸ್ ಉಂಡೆಯನ್ನು ನೇರ ಗೆರೆಯಲ್ಲಿ ಉರುಳಿಸಿಕೊಂಡು ಹೋಗುವುದು ಧ್ರುವೀಕೃತ (ಒಂದೇ ದಿಕ್ಕಿನಲ್ಲಿ ಕಂಪಿಸುವ) ಬೆಳದಿಂಗಳನ್ನು ದಿಕ್ಸೂಚಿ ಮಾಡಿಕೊಂಡು. 2003ರಲ್ಲಿ ಮರೀ ಡಾಕ್ ಮತ್ತು ಸಂಗಡಿಗರು ಇದನ್ನು ಪ್ರಕಟಿಸಿದರು. ಆದರೆ ನಮೀಬ್ ಮರುಭೂಮಿಯ ಲ್ಯೂಕೋರ್ಕೆಸ್ಟ್ರಿಸ್ ಅರೆನಿಕೋಲಾ ಎಂಬ ಬಿಳಿ ಜೇಡದ ಗಂಡು ಹೆಣ್ಣನ್ನರಸಿ ದೂರದೂರ ಅಲೆಯುವುದು ಚಂದ್ರನಿಲ್ಲದ ಹೊತ್ತಿನಲ್ಲಿ. ಆದ್ದರಿಂದ ಬಲೆಯಲ್ಲಿ ಸಿಕ್ಕಿದ್ದನ್ನೆಲ್ಲ ‘ಹುಳಗಳು’ ಎಂದು ಒಟ್ಟು ಮಾಡಬೇಡಿ. ಏರಿದ್ದೂ ಇಳಿದದ್ದೂ ಸೇರಿ ಸೊನ್ನೆಯಾಗಿಬಿಡುತ್ತದೆ. ಜಾತಿ ಗುರುತಿಸಲಾಗದಿದ್ದರೆ ಕುಟುಂಬದ ಮಟ್ಟಕ್ಕಾದರೂ ಬೇರ್ಪಡಿಸಿ, ಗಂಡು-ಹೆಣ್ಣು ತಿಳಿಯುವಲ್ಲಿ ಅದನ್ನೂ.

ಬೆಳಕೋ, ಒಳಗಿನ ಗಡಿಯಾರವೋ

ಆಲಿಕೆಯಂಥ ಗುಂಡಿ ತೋಡಿ ಇರುವೆಗೆ ಕಾಯುವ ಇರುವೆಸಿಂಹದ ಮರಿಗಳಲ್ಲಿ ಯೂಥೆಡ್ ಮತ್ತು ಮೊರಾನ್ 1969ರಲ್ಲಿ ಕಂಡದ್ದು, ಹುಣ್ಣಿಮೆಯ ಹೊತ್ತಿಗೆ ಗುಂಡಿಗಳು ದೊಡ್ಡದಾಗುತ್ತವೆ, ಬೆಳಕು ಬದಲಾಗದ ಕೋಣೆಯಲ್ಲಿಟ್ಟರೂ ಈ ಲಯ ಉಳಿಯುತ್ತದೆ ಎಂದು. ಅಂದರೆ ಕೆಲವು ಜೀವಿಗಳು ಚಂದ್ರನನ್ನು ನೋಡದೆಯೂ ಚಂದ್ರನ ಲೆಕ್ಕ ಇಡುತ್ತವೆ. ಇದನ್ನು ಮರುಪರೀಕ್ಷಿಸಲು 15 ಸೆಂಟಿಮೀಟರ್ ಅಗಲದ ಡಬ್ಬಿಗಳಲ್ಲಿ 6–8 ಸೆಂಟಿಮೀಟರ್ ಜರಡಿ ಹಿಡಿದ ಒಣ ಮರಳು ಹಾಕಿ, ಒಂದಕ್ಕೆ ಒಂದೇ ಮರಿ ಬಿಡಿ (ಎರಡಿದ್ದರೆ ಒಂದನ್ನೊಂದು ತಿನ್ನುತ್ತವೆ), ಉಷ್ಣತೆ ಏರಿಳಿಯದ ಕತ್ತಲ ಕೋಣೆಯಲ್ಲಿಡಿ. ಮೂರು ದಿನಕ್ಕೊಂದು ಇರುವೆ, ಎಲ್ಲಕ್ಕೂ ಒಂದೇ ಗಾತ್ರದ್ದು. ಹಸಿವಿಗೆ ತಕ್ಕಂತೆ ಗುಂಡಿಯ ಗಾತ್ರ ಬದಲಾಗುವುದರಿಂದ ಊಟದಲ್ಲಿ ವ್ಯತ್ಯಾಸವಾದರೆ ಫಲಿತಾಂಶ ಕೆಟ್ಟಂತೆ. ದಿನವೂ ಒಂದೇ ಹೊತ್ತಿಗೆ ಮಂದ ಕೆಂಪು ದೀಪದಲ್ಲಿ ಗುಂಡಿಯ ಬಾಯಿಯ ಅಗಲವನ್ನು ವರ್ನಿಯರ್‌ನಿಂದ ಅಳೆಯಿರಿ, ಎರಡು ಚಾಂದ್ರಮಾಸ ಬಿಡದೆ.

ಬಯಲಿನಲ್ಲಿ ಬೆಳಕೊಂದನ್ನೇ ತೆಗೆದು ನೋಡುವುದಕ್ಕೆ ಬಿಲದ ಮೇಲೆ ಕಪ್ಪು ಬಟ್ಟೆ ಹೊದಿಸುವವರಿದ್ದಾರೆ. ಅದು ತಪ್ಪು. ತಿಳಿ ಆಕಾಶದ ರಾತ್ರಿ ಮರಳು ತನ್ನ ಬಿಸಿಯನ್ನು ನೇರ ಆಕಾಶಕ್ಕೆ ಚೆಲ್ಲುತ್ತದೆ. ಮೇಲೆ ಬಟ್ಟೆ ಬಂದರೆ ಆ ಬಿಸಿ ಉಳಿದು ಕೆಳಗಿನ ಮರಳು ಬೆಚ್ಚಗಿರುತ್ತದೆ. ಬದಲಿಗೆ ಬಿಲದಿಂದ ಒಂದೂವರೆ ಮೀಟರ್ ದೂರದಲ್ಲಿ ನೆಟ್ಟಗೆ ನಿಲ್ಲುವ ಒಂದು ಪರದೆ ಇಡಿ, ನೆರಳು ಬಿಲದ ಬಾಯಿಯ ಮೇಲೆ ಬೀಳುವಂತೆ. ಇನ್ನೊಂದು ಬಿಲಕ್ಕೆ ಅಂಥದ್ದೇ ಪರದೆಯನ್ನು ಚಂದ್ರನ ಎದುರು ಬದಿಗೆ ಇಡಿ, ನೆರಳು ಬೀಳದಂತೆ. ಎರಡಕ್ಕೂ ಪರದೆಯಿದೆ, ನೆರಳು ಒಂದಕ್ಕೆ ಮಾತ್ರ. ಚಂದ್ರ ಗಂಟೆಗೆ ಹದಿನಾಲ್ಕೂವರೆ ಡಿಗ್ರಿ ಸರಿಯುವುದರಿಂದ ಅರ್ಧ ಗಂಟೆಗೊಮ್ಮೆ ಪರದೆಗಳೆರಡನ್ನೂ ಮೆಲ್ಲನೆ ಸರಿಸಬೇಕು. ಸರಿಸಿದ ಮೇಲೆ ಹತ್ತು ನಿಮಿಷ ಎಣಿಸಬೇಡಿ, ಆ ಕಂಪನಕ್ಕೆ ಚೇಳು ಒಳಗೆ ಹೋಗಿರುತ್ತದೆ. ಹೀಗೆ ಕನಿಷ್ಠ 20 ಜೋಡಿ ಬಿಲಗಳು ಬೇಕು, ಮರುರಾತ್ರಿ ಜೋಡಿಯೊಳಗೆ ನೆರಳನ್ನು ಅದಲುಬದಲು ಮಾಡಿ.

ತಿರುಗುಮುರುಗಾಗಿ, ಅಮಾವಾಸ್ಯೆಯಲ್ಲಿ ಕೃತಕ ಬೆಳದಿಂಗಳು ಹಾಕುವುದಾದರೆ ಸುಮಾರು 4000 ಕೆಲ್ವಿನ್ ಬಣ್ಣತಾಪದ ಒಂದೇ ಒಂದು ಚಿಕ್ಕ ಎಲ್‌ಇಡಿ ಸಾಕು. 0.2 ಲಕ್ಸನ್ನು ನೇರವಾಗಿ ಅಳೆಯಲಾಗದು, ಆದರೆ 1 ಮೀಟರ್ ದೂರದಲ್ಲಿ ಮೀಟರ್ 10 ಲಕ್ಸ್ ತೋರಿಸಿದರೆ 7 ಮೀಟರ್ ದೂರದಲ್ಲಿ 10ನ್ನು 49ರಿಂದ ಭಾಗಿಸಿದಷ್ಟು, ಅಂದರೆ 0.2 ಇರುತ್ತದೆ. ಹೀಗೆ ದೀಪ ಕಟ್ಟಿದ ಕಂಬದ ಎತ್ತರವನ್ನೋ ದೀಪದ ಕರೆಂಟನ್ನೋ ಹೊಂದಿಸಿಕೊಳ್ಳಿ. ದೀಪಕ್ಕೆ ಪ್ರತಿಫಲಕ, ಲೆನ್ಸ್ ಇದ್ದರೆ ಈ ಲೆಕ್ಕ ನಡೆಯದು.

ಅಂಕಿಗಳನ್ನು ಕೂಡಿಸುವಾಗ

ಆರು ಪಟ್ಟಿ, 24 ರಾತ್ರಿ, ರಾತ್ರಿಗೆ ಎರಡು ಹೊತ್ತು, ಆದ್ದರಿಂದ 288 ಸ್ವತಂತ್ರ ಅಳತೆಗಳು ಎಂದುಕೊಳ್ಳಬೇಡಿ. ಒಂದು ರಾತ್ರಿಯ ಆರೂ ಪಟ್ಟಿಗಳ ಮೇಲೆ ಇರುವುದು ಒಂದೇ ಚಂದ್ರ, ಒಂದೇ ಗಾಳಿ. ರಾತ್ರಿಯನ್ನೂ ಪಟ್ಟಿಯನ್ನೂ ಯಾದೃಚ್ಛಿಕ ಅಂಶಗಳನ್ನಾಗಿಟ್ಟು, ಆ ಗಂಟೆಯ ಬೆಳಕು, ಮರಳಿನ ಉಷ್ಣತೆ ಮತ್ತು ಅದರ ವರ್ಗ (ಉಷ್ಣತೆಯನ್ನು ಅದರಿಂದಲೇ ಗುಣಿಸಿದ್ದು), ಗಾಳಿ, ಮೊದಲ ಹೊತ್ತೋ ಎರಡನೆಯದೋ ಎಂಬುದನ್ನು ಕಾರಣಗಳನ್ನಾಗಿಟ್ಟು ಮಿಶ್ರ ಮಾದರಿ (ಮಿಕ್ಸ್ಡ್ ಮಾಡೆಲ್ ಎಂಬ ಸಂಖ್ಯಾಶಾಸ್ತ್ರದ ಲೆಕ್ಕ) ಹಾಕಿ. ಹೆಚ್ಚಿನ ಚೇಳುಗಳು ಹೆಚ್ಚಿನ ರಾತ್ರಿಗಳಲ್ಲಿ ಬಿಲದಲ್ಲೇ ಇರುವುದರಿಂದ ಸೊನ್ನೆಗಳು ತುಂಬ ಬರುತ್ತವೆ. ಎಣಿಕೆಗಳಿಗೆ ಬಳಸುವ ಸಂಖ್ಯಾಶಾಸ್ತ್ರದ ಹಂಚಿಕೆಗಳಲ್ಲಿ ಪಾಯ್ಸಾನ್‌ಗಿಂತ ಋಣ ದ್ವಿಪದ (ನೆಗೆಟಿವ್ ಬೈನೋಮಿಯಲ್) ಇಲ್ಲಿ ಹೊಂದುತ್ತದೆ. ಕಾಣುವ ಪ್ರಮಾಣದ ತಿದ್ದುಪಡಿಯನ್ನು ಮೊದಲೇ ಭಾಗಿಸಿ ಸೇರಿಸದೆ, ಅದರ ಲಾಗರಿದಮ್ ಅನ್ನು ಮಾದರಿಗೆ ಆಫ್‌ಸೆಟ್ (ಮೊದಲೇ ಗೊತ್ತಿರುವ ಸ್ಥಿರ ಪದ) ಆಗಿ ಕೊಡಿ, ಎಣಿಕೆಗಳು ಪೂರ್ಣಾಂಕಗಳಾಗಿಯೇ ಉಳಿಯುತ್ತವೆ.

ಬೆಳಕನ್ನು ಗಂಟೆಯೊಳಗೆ ತೆಗೆದು ಮತ್ತೆ ಕೊಡುವ ಅವಕಾಶ ಸಂಪೂರ್ಣ ಚಂದ್ರಗ್ರಹಣದಲ್ಲಿ ಸಿಗುತ್ತದೆ. 2028ರ ಡಿಸೆಂಬರ್ 31ರ ಗ್ರಹಣ ಏಷ್ಯಾಕ್ಕೂ ಆಸ್ಟ್ರೇಲಿಯಾಕ್ಕೂ ಕಾಣುತ್ತದೆ. ಏಷ್ಯಾದ ಮರುಭೂಮಿಗಳಲ್ಲಿ ಆಗ ಚಳಿ, ಚೇಳು ಹೊರಗೆ ಸಿಗುವುದು ಅಪರೂಪ. ಮಧ್ಯ ಆಸ್ಟ್ರೇಲಿಯಾದಲ್ಲಿ ಬೇಸಿಗೆ, ಗ್ರಹಣ ಬೀಳುವುದು ನಡುರಾತ್ರಿಯ ನಂತರ, ಅಂದರೆ ಅಲ್ಲಿನ ಗಡಿಯಾರದಲ್ಲಿ 2029ರ ಜನವರಿ 1ರ ನಸುಕಿಗೆ. ಗುರುತುಮಾಡಿದ 40 ಬಿಲಗಳನ್ನು ಹತ್ತು ನಿಮಿಷಕ್ಕೊಮ್ಮೆ ನೋಡುತ್ತಾ ಹೋಗಿ, ಗ್ರಹಣದ ಹಿಂದಿನ ಎರಡು ಮತ್ತು ಮುಂದಿನ ಎರಡು ರಾತ್ರಿ ಅದೇ ಗಂಟೆಗಳಲ್ಲಿ ಅದೇ ಬಿಲಗಳನ್ನು ನೋಡಿ. ಯುವಿ ಟಾರ್ಚನ್ನು ಆ ಐದೂ ರಾತ್ರಿ ಒಂದೇ ಎತ್ತರದಲ್ಲಿ, ಒಂದೇ ಅವಧಿಗೆ ಹಿಡಿಯಿರಿ, ಬ್ಯಾಟರಿ ಪ್ರತಿ ರಾತ್ರಿ ಹೊಸದಾಗಿ ಚಾರ್ಜ್ ಆಗಿರಲಿ.